ರಾಕ್ ಬ್ಯಾಂಡಿನ ‘ಸೇವೆ’ ಎಂದರೆ ಏನು? ಪಿ.ಓ.ಡಿ. ಮತ್ತು ನೊಂದ ಹುಡುಗ ಹುಡುಗಿಯರು

2001ರ ಮಾರ್ಚ್ 5, ಸೋಮವಾರ ಬೆಳಿಗ್ಗೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಸ್ಯಾನ್ ಡಿಯಾಗೋ ನಗರಕ್ಕೆ ಹತ್ತಿರದ ಸ್ಯಾಂಟೀ ಎಂಬ ಊರು. ಅಲ್ಲಿನ ಸ್ಯಾಂಟಾನಾ ಹೈಸ್ಕೂಲಿನಲ್ಲಿ 15 ವರ್ಷದ ವಿದ್ಯಾರ್ಥಿಯೊಬ್ಬ ರಿವಾಲ್ವರಿನಿಂದ ಗುಂಡು ಹಾರಿಸಿದ. ಇಬ್ಬರು ಹುಡುಗರು ಸತ್ತರು, 13 ಮಂದಿ ಗಾಯಗೊಂಡರು. ಆ ಶಾಲೆಗೆ ಹೆಚ್ಚು ದೂರವಿಲ್ಲದ ಜಾಗದಲ್ಲಿ ಒಂದು ರಾಕ್ ಬ್ಯಾಂಡು ತನ್ನ ಮುಂದಿನ ಆಲ್ಬಂಗೆ ಹಾಡು ಕಟ್ಟುವ ಕೆಲಸದಲ್ಲಿತ್ತು. ತಲೆಯ ಮೇಲೆ ಹೆಲಿಕಾಪ್ಟರ್ ಸದ್ದು, ರಸ್ತೆಯಲ್ಲಿ ಪೊಲೀಸ್ ಗಾಡಿಗಳ ಓಟ. ಏನಾಯಿತೆಂದು ತಿಳಿದ ಮೇಲೆ ಆ ಕಳವಳದಲ್ಲಿ ಹುಟ್ಟಿದ ಹಾಡು ‘ಯೂತ್ ಆಫ್ ದ ನೇಷನ್’. ಬ್ಯಾಂಡಿನ ಹೆಸರು ಪಿ.ಓ.ಡಿ.

ಹಾಡಿನಲ್ಲಿ ಬರುವವರು ಎಳೆಯರೇ. ಸ್ಕೇಟ್‌ಬೋರ್ಡ್ ತುಳಿಯುತ್ತ ಶಾಲೆಗೆ ಹೋಗಿ ಮನೆಗೆ ಮರಳದೇ ಹೋದವನೊಬ್ಬ. ಅಪ್ಪನ ಆಸರೆ ಇಲ್ಲದೆ, ಪ್ರೀತಿಗಾಗಿ ಹೋಗಬಾರದ ಕಡೆಯೆಲ್ಲ ಹೋಗಿ ಹುಡುಕುವ 12 ವರ್ಷದ ಹುಡುಗಿ. ಯಾವ ಗುಂಪಿಗೂ ಸೇರದೆ ಒಂಟಿಯಾಗಿ ಉಳಿದ ಇನ್ನೊಬ್ಬ. ಪಲ್ಲವಿಯಲ್ಲಿ ಮಕ್ಕಳೇ ಕೂಡಿ ಹಾಡುತ್ತಾರೆ. ಈ ಹಾಡಿದ್ದ ‘ಸ್ಯಾಟಲೈಟ್’ ಆಲ್ಬಂ ಅದೇ ವರ್ಷ ಸೆಪ್ಟೆಂಬರ್ 11ರಂದು ಬಿಡುಗಡೆಯಾಯಿತು. ಆ ದಿನ ಅಮೆರಿಕದಲ್ಲಿ ಬೇರೆ ಏನಾಯಿತೆಂದು ಎಲ್ಲರಿಗೂ ಗೊತ್ತು. ಆದರೂ ಆಲ್ಬಂ ಆ ದೇಶವೊಂದರಲ್ಲೇ 30 ಲಕ್ಷ ಪ್ರತಿಗಳ ಮಟ್ಟ ಮುಟ್ಟಿತು. ಹಾಡು ಗ್ರ್ಯಾಮಿ ನಾಮನಿರ್ದೇಶನವನ್ನೂ ಪಡೆಯಿತು.

ಪಿ.ಓ.ಡಿ. ಕ್ರೈಸ್ತ ನಂಬಿಕೆಯವರ ಬ್ಯಾಂಡು. ಆದರೆ ಈ ಹಾಡಿನಲ್ಲಿ ಯೇಸುವಿನ ಹೆಸರು ಎಲ್ಲಿಯೂ ಬರುವುದಿಲ್ಲ. ಪ್ರಾರ್ಥನೆ ಇಲ್ಲ, ಬೈಬಲ್ ವಾಕ್ಯವಿಲ್ಲ, ಕೊನೆಯಲ್ಲಿ ಸಮಾಧಾನದ ಮಾತೂ ಇಲ್ಲ. ಹಾಗಿದ್ದರೆ ಇದು ‘ಸೇವೆ’ ಹೇಗಾಗುತ್ತದೆ? ನಮ್ಮ ಕನ್ನಡ ಕ್ರೈಸ್ತ ಸಭೆಗಳಲ್ಲಿ ಸೇವೆ ಎಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಪ್ರಸಂಗ ಮಾಡುವುದು ಸೇವೆ, ಆಸ್ಪತ್ರೆಯಲ್ಲಿ ಮಲಗಿದವರ ಪಕ್ಕ ಕೂತು ಪ್ರಾರ್ಥಿಸುವುದು ಸೇವೆ, ಕ್ರಿಸ್‌ಮಸ್ಸಿಗೆ ಮುಂಚೆ ಮನೆಮನೆಗೆ ಕ್ಯಾರೋಲ್ಸ್ ಹಾಡುತ್ತ ಹೋಗುವುದೂ ಸೇವೆಯೇ. ಎಲೆಕ್ಟ್ರಿಕ್ ಗಿಟಾರ್ ಹಿಡಿದು, ಗಂಟಲು ಹರಿಯುವಂತೆ ಕೂಗಿ, ಕತ್ತಲ ಹಾಲಿನಲ್ಲಿ ಕುಣಿಯುವವರ ಮುಂದೆ ಹಾಡುವುದೂ ಅದೇ ಸಾಲಿಗೆ ಸೇರುತ್ತದೆಯೇ ಎಂದು ನಮ್ಮ ಹಿರಿಯರು ಹುಬ್ಬು ಗಂಟಿಕ್ಕುತ್ತಾರೆ. ಅವರ ಅನುಮಾನವನ್ನು ನಾನು ತಳ್ಳಿಹಾಕುವುದಿಲ್ಲ. ಆ ಅನುಮಾನಕ್ಕೆ ಉತ್ತರ ಹುಡುಕುತ್ತ ಹೋದಾಗಲೇ ಈ ಕೆಲಸ ನಡೆಯುವ ರೀತಿ ನನಗೆ ಅರ್ಥವಾದದ್ದು.

ಮೊದಲು ಹೆಸರಿನಿಂದ ಶುರುಮಾಡೋಣ. ಪಿ.ಓ.ಡಿ. ಅಂದರೆ ‘ಪೇಯಬಲ್ ಆನ್ ಡೆತ್’. ಇದು ಬ್ಯಾಂಕಿನ ಮಾತು. ಖಾತೆದಾರ ತೀರಿಕೊಂಡರೆ ಹಣ ಯಾರಿಗೆ ಸೇರಬೇಕೆಂದು ನಾವು ನಾಮಿನಿ ಹೆಸರು ಬರೆಸುತ್ತೇವಲ್ಲ, ಅಂಥದ್ದೇ ವ್ಯವಸ್ಥೆ. ಒಬ್ಬರ ಮರಣದಿಂದ ಇನ್ನೊಬ್ಬರಿಗೆ ಬದುಕಿನ ಆಸ್ತಿ ಸಿಗುತ್ತದೆ. ಯೇಸುವಿನ ಮರಣದ ಬಗ್ಗೆ ಕ್ರೈಸ್ತರು ನಂಬುವುದನ್ನು ಇಷ್ಟು ಚಿಕ್ಕದಾಗಿ, ಇಷ್ಟು ಬೀದಿಯ ಭಾಷೆಯಲ್ಲಿ ಹೇಳುವ ಹೆಸರು ನಾನು ಬೇರೆ ಕಂಡಿಲ್ಲ. ಗೊತ್ತಿದ್ದವರಿಗೆ ಅದು ಸುವಾರ್ತೆ, ಗೊತ್ತಿಲ್ಲದವರಿಗೆ ಬರೀ ಗಡುಸಾದ ಹೆಸರು.

ಬ್ಯಾಂಡು ಹುಟ್ಟಿದ್ದು 1992ರಲ್ಲಿ, ಸ್ಯಾನ್ ಡಿಯಾಗೋದ ದಕ್ಷಿಣದಲ್ಲಿ, ಮೆಕ್ಸಿಕೋ ಗಡಿಗೆ ತಾಗಿದ ಬಡಾವಣೆಗಳಲ್ಲಿ. ‘ಸೌತ್‌ಟೌನ್’ ಎಂದು ಅವರೇ ಹಾಡುಗಳಲ್ಲಿ ಕರೆಯುವ ಜಾಗ ಅದು. ಬೇರೆ ಬೇರೆ ನಾಡುಗಳಿಂದ ಬಂದ ದುಡಿಯುವ ಕುಟುಂಬಗಳು, ಬೀದಿ ಗ್ಯಾಂಗುಗಳು, ಮಾದಕ ವಸ್ತು, ಇದರ ನಡುವೆ ಬೆಳೆದ ಹುಡುಗರು. ಗಾಯಕ ಸನ್ನಿ ಸ್ಯಾಂಡೊವಾಲ್ ಮತ್ತು ಡ್ರಮ್ ನುಡಿಸುತ್ತಿದ್ದ ವುವ್ ಬರ್ನಾರ್ಡೋ ಸೋದರಸಂಬಂಧಿಗಳು. ಸನ್ನಿಯವರ ತಾಯಿ ಕ್ಯಾನ್ಸರಿನಿಂದ ತೀರಿಕೊಂಡರು. ತಾಯಿಯ ನಂಬಿಕೆಯನ್ನು ಹತ್ತಿರದಿಂದ ಕಂಡ ಸನ್ನಿ ಆ ದಿನಗಳಲ್ಲೇ ಯೇಸುವನ್ನು ನಂಬಿದರು. ದುಃಖದಲ್ಲಿ ಮುಳುಗಿದ್ದ ಅವರನ್ನು ವುವ್ ಬ್ಯಾಂಡಿಗೆ ಕರೆದುಕೊಂಡರು. ಬೇರೆಯವರಿಗಾಗಿ ಹಾಡುವ ಮೊದಲು ಈ ಬ್ಯಾಂಡು ತನ್ನೊಳಗಿನ ಒಬ್ಬ ಹುಡುಗನನ್ನು ಹಿಡಿದು ನಿಲ್ಲಿಸಿತು. ಮುಂದೆ ಅವರು ಮಾಡಿದ್ದನ್ನು ಅರ್ಥಮಾಡಿಕೊಳ್ಳಲು ಇದೇ ಬೀಗದ ಕೈ ಎಂದು ನನಗನ್ನಿಸುತ್ತದೆ.

ದೇವರ ಮಾತಿಗೆ ಬೀದಿಯ ರಾಗ ಹಚ್ಚುವುದು ಇವರೇ ಕಂಡುಹಿಡಿದದ್ದಲ್ಲ. 1878ರಲ್ಲಿ ಇಂಗ್ಲೆಂಡಿನ ಸಾಲ್ಸ್‌ಬರಿಯಲ್ಲಿ ಫ್ರೈ ಎಂಬ ಮನೆತನದ ತಂದೆ ಮಕ್ಕಳು ಸಾಲ್ವೇಶನ್ ಆರ್ಮಿ ಎಂಬ ಕ್ರೈಸ್ತ ಸಂಸ್ಥೆಯ ಬೀದಿ ಕೂಟಗಳಲ್ಲಿ ಹಿತ್ತಾಳೆ ವಾದ್ಯ ಊದಲು ತೊಡಗಿದರು. ಅವರ ಹಾಡುಗಳಿಗೆ ಜನರ ಬಾಯಲ್ಲಿದ್ದ ಮಟ್ಟುಗಳೇ ಆಧಾರವಾದವು. ನಮ್ಮಲ್ಲಿಯೂ ಉದಾಹರಣೆ ಇದೆ. ನಿಘಂಟಿನ ಕಿಟೆಲ್ ಎಂದೇ ನಮಗೆ ಗೊತ್ತಿರುವ ಫರ್ಡಿನಾಂಡ್ ಕಿಟೆಲ್ 1862ರಲ್ಲಿ ಯೇಸುವಿನ ಕಥೆಯನ್ನು ‘ಕಥಾಮಾಲೆ’ ಎಂಬ ಪದ್ಯರೂಪದಲ್ಲಿ, ಈ ನೆಲದ ಹಾಡುಗಬ್ಬದ ಧಾಟಿಯಲ್ಲಿ ಹೇಳಿದರು. ಜರ್ಮನ್ ರಾಗಕ್ಕೆ ಕನ್ನಡ ಪದಗಳನ್ನು ತುರುಕಿದರೆ ಮಾತು ಒಳಗಿಳಿಯುವುದಿಲ್ಲ ಎಂಬುದು ಕನ್ನಡದ ಛಂದಸ್ಸನ್ನು ಅಷ್ಟು ಆಳವಾಗಿ ಕಲಿತವರಿಗೆ ಗೊತ್ತಾಗದೇ ಇರುತ್ತದೆಯೇ?

ರಾಕ್ ಸಂಗೀತಕ್ಕೆ ಈ ತಿರುವು ಬಂದದ್ದು 1960ರ ದಶಕದ ಕೊನೆಯಲ್ಲಿ. ಕ್ಯಾಲಿಫೋರ್ನಿಯಾದ ಹಿಪ್ಪಿ ಹುಡುಗರಲ್ಲಿ ಹಲವರು ಯೇಸುವಿನ ಕಡೆ ಹೊರಳಿದರು. ಉದ್ದ ಕೂದಲು, ಬರಿಗಾಲು, ಗಿಟಾರುಗಳನ್ನು ಬಿಡದೆಯೇ ಚರ್ಚಿಗೆ ಬಂದರು. ಲ್ಯಾರಿ ನಾರ್ಮನ್ ಅವರ ‘ಅಪಾನ್ ದಿಸ್ ರಾಕ್’ ಆಲ್ಬಂ 1969ರಲ್ಲಿ ಹೊರಬಂತು. ಕ್ರೈಸ್ತ ರಾಕ್ ಎಂಬ ಪ್ರಕಾರವನ್ನು ಸಾಮಾನ್ಯವಾಗಿ ಅಲ್ಲಿಂದ ಎಣಿಸುತ್ತಾರೆ. ಸ್ವಲ್ಪ ಕಾಲದಲ್ಲೇ ಇದಕ್ಕೆಂದು ಬೇರೆ ಮಾರುಕಟ್ಟೆ ಬೆಳೆಯಿತು. ಕ್ರೈಸ್ತ ಪುಸ್ತಕದಂಗಡಿ, ಕ್ರೈಸ್ತ ರೇಡಿಯೋ, ಕ್ರೈಸ್ತ ಸಂಗೀತೋತ್ಸವ. ವಿಶ್ವಾಸಿಗಳು ಬರೆದು ವಿಶ್ವಾಸಿಗಳು ಕೇಳುವ ಸಂಗೀತ. ಅದರಿಂದ ಒಳ್ಳೆಯದಾಗಿದೆ, ಸಂಶಯವಿಲ್ಲ. ಆದರೆ ಚರ್ಚಿನ ಮೆಟ್ಟಿಲು ಹತ್ತದ ಹುಡುಗನಿಗೆ ಆ ಹಾಡು ಸಿಗುವ ದಾರಿಯೇ ಇರಲಿಲ್ಲ.

ಆ ಕಾಲದ ರೆಸರೆಕ್ಷನ್ ಬ್ಯಾಂಡಿನವರು ಈ ಗೋಡೆಯನ್ನು ಇನ್ನೊಂದು ರೀತಿಯಲ್ಲಿ ದಾಟಿದರು. ಶಿಕಾಗೋದ ಅಪ್‌ಟೌನ್ ಎಂಬ ಬಡ ಬಡಾವಣೆಯಲ್ಲಿ ‘ಜೀಸಸ್ ಪೀಪಲ್’ ಎಂಬ ಸಮುದಾಯ ಒಂದೇ ಹಣದ ಚೀಲ ಇಟ್ಟುಕೊಂಡು ಬಾಳುತ್ತಿತ್ತು. ಗ್ಲೆನ್ ಮತ್ತು ವೆಂಡಿ ಕೈಸರ್ ದಂಪತಿಯ ಆ ಬ್ಯಾಂಡು ಅದೇ ಸಮುದಾಯದ ಭಾಗ. ವೇದಿಕೆಯಲ್ಲಿ ಹಾರ್ಡ್ ರಾಕ್, ಮನೆಗೆ ಬಂದರೆ ನಿರಾಶ್ರಿತರಿಗೆ ಊಟ, ಹಾಸಿಗೆ. ಹಾಡಿದವರೂ ಬಡಿಸಿದವರೂ ಒಂದೇ ಮನೆಯವರಾಗಿದ್ದುದರಿಂದ ಅಲ್ಲಿ ‘ಇದು ಸೇವೆಯೇ?’ ಎಂಬ ಪ್ರಶ್ನೆ ಹುಟ್ಟುವ ಅವಕಾಶವೇ ಕಡಿಮೆ ಇತ್ತು.

ಪಿ.ಓ.ಡಿ. ಹಿಡಿದ ದಾರಿ ಬೇರೆ. ಮೊದಲ ಆಲ್ಬಂಗಳು ವುವ್ ಅವರ ತಂದೆಯ ಪುಟ್ಟ ಕಂಪನಿಯಿಂದ ಬಂದವು. 1998ರಲ್ಲಿ ಅಟ್ಲಾಂಟಿಕ್ ರೆಕಾರ್ಡ್ಸ್ ಎಂಬ ದೊಡ್ಡ ಕಂಪನಿ ಕರೆದಾಗ ಅವರು ಚರ್ಚಿನ ಮಾರುಕಟ್ಟೆಯಿಂದ ಹೊರಗೆ ಕಾಲಿಟ್ಟರು. 2000ದಲ್ಲಿ ಓಝ್‌ಫೆಸ್ಟ್ ಪ್ರವಾಸಕ್ಕೆ ಹೋದರು. ಅದು ಗಾಯಕ ಓಝಿ ಆಸ್ಬೋರ್ನ್ ಹೆಸರಿನ, ಹೆವಿ ಮೆಟಲ್ ಎಂಬ ಅಬ್ಬರದ ರಾಕ್ ಸಂಗೀತದ ಜಾತ್ರೆ. ಪ್ರತಿದಿನ ಸಾವಿರಾರು ಜನ, ಸುತ್ತ ಕುಡಿತ ಮತ್ತು ಕೂಗಾಟ. ಕ್ರೈಸ್ತರಲ್ಲಿ ಎಷ್ಟೋ ಮಂದಿಗೆ ಇದು ಸಹಿಸಲಾಗದ ಮಾತಾಯಿತು. 2003ರ ಆಲ್ಬಂನ ಮುಖಚಿತ್ರದಲ್ಲಿ ರೆಕ್ಕೆಯ ಹೆಣ್ಣಿನ ಆಕೃತಿ ಬಂದಾಗ ಅನೇಕ ಕ್ರೈಸ್ತ ಪುಸ್ತಕದಂಗಡಿಗಳು ಅದನ್ನು ಮಾರಲು ಒಪ್ಪಲಿಲ್ಲ. ಜನ ದೂರವಿಟ್ಟಿದ್ದ ಸುಂಕದವರ ಜೊತೆ ಊಟಕ್ಕೆ ಕೂತ ಯೇಸುವಿನ ಮೇಲೆ ಬಂದ ಆಕ್ಷೇಪವನ್ನು ಸುವಾರ್ತೆಗಳಲ್ಲಿ ಓದಿದವರಿಗೆ ಈ ಜಗಳ ಹೊಸದಲ್ಲ. ನನ್ನ ಮಟ್ಟಿಗೆ ಬ್ಯಾಂಡು ಮಾಡಿದ್ದೇ ಸರಿ. ನೊಂದವರು ಎಲ್ಲಿದ್ದಾರೋ ಅಲ್ಲಿಗೆ ಹೋಗದೆ ಅವರ ಸೇವೆ ಮಾಡುವುದು ಹೇಗೆ?

ಈ ಕೆಲಸದ ಒಳಗಿನ ನಡೆ ಹೇಗಿರುತ್ತದೆ ಎಂದು ನೋಡಬೇಕಾದರೆ ಹಾಡು ಮುಗಿದ ನಂತರದ ಹೊತ್ತಿಗೆ ಬರಬೇಕು. ದೀಪ ಹೊತ್ತುತ್ತವೆ, ಜನ ಕರಗುತ್ತಾರೆ. ಟೀ ಶರ್ಟ್ ಮಾರುವ ಮೇಜಿನ ಬಳಿ ಕೆಲವರು ಉಳಿದುಕೊಳ್ಳುತ್ತಾರೆ. ಸಹಿ ಬೇಕಿದ್ದವರು ಸಹಿ ಹಾಕಿಸಿಕೊಂಡು ಹೋಗಿಯಾಯಿತು. ಇವರು ಮಾತ್ರ ಹೋಗುವುದಿಲ್ಲ. ಏನೋ ಹೇಳಬೇಕು, ಬಾಯಿ ಬರುತ್ತಿಲ್ಲ. ಕೊನೆಗೆ ಒಂದು ವಾಕ್ಯ ಹೊರಬೀಳುತ್ತದೆ: ಈ ಹಾಡು ಕೇಳಿದ ರಾತ್ರಿ ನಾನು ಸಾಯಬೇಕೆಂದಿದ್ದೆ. ಇಂಥ ಬ್ಯಾಂಡುಗಳವರು ತಮ್ಮ ಅನುಭವ ಹೇಳುವಾಗ ಮತ್ತೆ ಮತ್ತೆ ಬರುವ ಮಾತು ಇದು. ಆ ಕ್ಷಣಕ್ಕೆ ಗಿಟಾರಿನ ಪ್ರಯೋಜನವಿಲ್ಲ. ಎದುರಿಗಿದ್ದವರು ಬಸ್ಸಿಗೆ ಹೊತ್ತಾಯಿತೆಂದು ಓಡದೆ ನಿಂತು ಕೇಳಬೇಕು. ಹಾಡು ಬಾಗಿಲು ತಟ್ಟಿದೆ. ಆ ಕಡೆಯಿಂದ ಯಾರೋ ತೆರೆದಿದ್ದಾರೆ. ಈಗ ಒಳಗೆ ಹೋಗಿ ಕೂರುವವರು ಬೇಕು.

ಸನ್ನಿ ಸ್ಯಾಂಡೊವಾಲ್ ಅವರು ಬ್ಯಾಂಡಿನ ಓಡಾಟದಿಂದ ಕೆಲಕಾಲ ಬಿಡುವು ತೆಗೆದುಕೊಂಡ ದಿನಗಳಲ್ಲಿ ಗೆಳೆಯ ರಯಾನ್ ರೀಸ್ ಮೊದಲಾದವರ ಜೊತೆ ಸೇರಿ ‘ದ ಹೂಸೋಎವರ್ಸ್’ ಎಂಬ ಬಳಗ ಕಟ್ಟಿದರು. ಹೆಸರು ಯೋಹಾನ 3:16ರಿಂದ ಬಂದದ್ದು. ಇಂಗ್ಲಿಷ್ ಬೈಬಲಿನಲ್ಲಿ ‘ಯಾರೇ ಆಗಲಿ’ ಎಂಬ ಅರ್ಥ ಕೊಡುವ ಒಂದೇ ಪದವಿದೆ. ನಮ್ಮ ಕನ್ನಡ ಬೈಬಲು ಅದೇ ಜಾಗದಲ್ಲಿ ‘ನಂಬುವ ಒಬ್ಬನಾದರೂ ನಾಶವಾಗದೆ’ ಎನ್ನುತ್ತದೆ. ಒಬ್ಬನಾದರೂ! ಬಳಗದ ಉದ್ದೇಶವನ್ನು ಇದಕ್ಕಿಂತ ಚೆನ್ನಾಗಿ ಹೇಳಲಾಗದು. ಶಾಲೆ, ಜೈಲು, ವ್ಯಸನ ಬಿಡಿಸುವ ಕೇಂದ್ರಗಳಿಗೆ ಹೋಗಿ ಅವರು ತಮ್ಮದೇ ಕಥೆ ಹೇಳುತ್ತಾರೆ. ಸಭೆಗಳಲ್ಲಿ ಇದನ್ನೇ ‘ಸಾಕ್ಷಿ ಹೇಳುವುದು’ ಎನ್ನುತ್ತೇವೆ. ಕಾರ್ನ್ ಬ್ಯಾಂಡಿನ ಗಿಟಾರ್ ವಾದಕ ಬ್ರಯಾನ್ ‘ಹೆಡ್’ ವೆಲ್ಚ್ ಈ ಬಳಗದವರು. ಮೆತ್ ಎಂಬ ಮಾದಕ ವಸ್ತುವಿನ ದಾಸರಾಗಿದ್ದ ಅವರು 2005ರಲ್ಲಿ ಯೇಸುವನ್ನು ನಂಬಿ, ಖ್ಯಾತಿಯ ನಡುಮಧ್ಯೆಯೇ ಬ್ಯಾಂಡು ಬಿಟ್ಟರು. 2013ರಲ್ಲಿ ಅದೇ ಬ್ಯಾಂಡಿಗೆ ನಂಬಿಕೆಯೊಂದಿಗೇ ಮರಳಿದರು. ಚಟದ ಬಗ್ಗೆ ಅವರು ಮಾತಾಡಿದರೆ ಕೈದಿ ಕಿವಿಗೊಡುತ್ತಾನೆ. ಉಪದೇಶ ಮಾಡುವವರನ್ನು ಆತ ಬೇಕಾದಷ್ಟು ಕಂಡಿದ್ದಾನೆ.

ಇದೇ ವಲಯದ ಇನ್ನೊಂದು ಹೆಸರು ಲೇಸಿ ಸ್ಟರ್ಮ್. ಫ್ಲೈಲೀಫ್ ಬ್ಯಾಂಡಿನ ಗಾಯಕಿಯಾಗಿದ್ದವರು. 16ನೇ ವಯಸ್ಸಿನಲ್ಲಿ ಬದುಕು ಮುಗಿಸಿಕೊಳ್ಳಲು ನಿರ್ಧರಿಸಿದ್ದ ದಿನ ಅಜ್ಜಿ ಒತ್ತಾಯದಿಂದ ಚರ್ಚಿಗೆ ಕಳಿಸಿದ್ದನ್ನು ಅವರು ಬಹಿರಂಗವಾಗಿ ಹೇಳಿಕೊಂಡಿದ್ದಾರೆ. ಮನಸ್ಸಿಲ್ಲದೆ ಕೂತಿದ್ದು, ಎದ್ದು ಹೊರಡುವಾಗ ಬಾಗಿಲ ಹತ್ತಿರ ಒಬ್ಬ ವಯಸ್ಸಾದ ಅಪರಿಚಿತರು ತಡೆದು ಮಾತಾಡಿಸಿದರಂತೆ. ತಂದೆಯ ಪ್ರೀತಿ ಕಾಣದ ಆ ಹುಡುಗಿಗೆ, ದೇವರು ನಿನಗೆ ತಂದೆಯಾಗುತ್ತಾನೆ ಎಂದರಂತೆ. ಇಲ್ಲಿ ನಾನು ಗಮನಿಸುವುದೇನೆಂದರೆ, ಮುಂದೆ ಲಕ್ಷಾಂತರ ಜನರಿಗೆ ಹಾಡಿದ ಈಕೆಯನ್ನು ಉಳಿಸಿದ್ದು ಹಾಡಲ್ಲ. ಮೊಮ್ಮಗಳನ್ನು ಬಿಟ್ಟುಕೊಡದ ಒಬ್ಬ ಅಜ್ಜಿ, ಬಾಗಿಲಲ್ಲಿ ನಿಂತ ಒಬ್ಬ ಮುದುಕರು.

ಹಾಗಾದರೆ ಅಷ್ಟು ಜೋರು ಸದ್ದು ಯಾಕೆ, ಮೆಲ್ಲಗೆ ಹಾಡಿದರೆ ಆಗದೇ ಎಂದು ಕೇಳುವವರಿದ್ದಾರೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವಿದೆ. ಇಂಥ ಉಗ್ರ ಸಂಗೀತವನ್ನು ಇಷ್ಟಪಡುವ, 18ರಿಂದ 34 ವರ್ಷದ 39 ಜನರಿಗೆ ಮೊದಲು ಕೋಪ ಬಂದ ಘಟನೆಗಳನ್ನು ನೆನಪಿಸಿ ರೇಗುವಂತೆ ಮಾಡಿದರು. ಆಮೇಲೆ ಅರ್ಧ ಜನರಿಗೆ ಅವರದೇ ಆಯ್ಕೆಯ ಸಂಗೀತ, ಇನ್ನರ್ಧಕ್ಕೆ ಮೌನ. ಸಂಗೀತ ಕೇಳಿದವರ ಕೋಪ ಏರಲಿಲ್ಲ. ಮೌನವಾಗಿ ಕೂತವರಂತೆಯೇ ಅವರ ಸಿಟ್ಟೂ ಇಳಿಯಿತು, ಜೊತೆಗೆ ಒಂದಿಷ್ಟು ಚೈತನ್ಯ ಬಂದಂತಾಯಿತು. ಚಿಕ್ಕ ಪ್ರಯೋಗ, ನಿಜ. ಆದರೆ ರಾಕ್ ಕೇಳಿದ ಮಕ್ಕಳು ಕೆಡುತ್ತಾರೆ ಎಂಬ ನಮ್ಮ ಹಳೆಯ ಹೆದರಿಕೆಯನ್ನು ಅದು ಸ್ವಲ್ಪ ಸಡಿಲಿಸುತ್ತದೆ. ಒಳಗೆ ಕುದಿಯುತ್ತಿರುವವನ ಕೈಗೆ ಜೋಗುಳ ಕೊಟ್ಟರೆ ಅವನು ತೆಗೆದುಕೊಳ್ಳುವುದಿಲ್ಲ. ತನ್ನ ಒಳಗಿನ ಸದ್ದಿನಷ್ಟೇ ದೊಡ್ಡ ಸದ್ದು ಹೊರಗೆ ಕೇಳಿದಾಗ, ಇನ್ನೊಬ್ಬರಿಗೂ ಹೀಗಾಗಿದೆ ಎಂದು ಗೊತ್ತಾಗುತ್ತದೆ. ಬೈಬಲಿನ ಕೀರ್ತನೆಗಳ ಪುಸ್ತಕವೂ ಹೀಗೇ ಅಲ್ಲವೇ? ನನ್ನ ದೇವರೇ, ಯಾಕೆ ನನ್ನ ಕೈಬಿಟ್ಟಿದ್ದೀ ಎಂಬ ಕೂಗಿಗೆ ಅಲ್ಲಿ ಜಾಗವಿದೆ.

ಅಪಾಯಗಳೂ ಇವೆ, ಅವನ್ನು ಮುಚ್ಚಿಟ್ಟರೆ ಈ ಮಕ್ಕಳಿಗೇ ಅನ್ಯಾಯ. ವೇದಿಕೆಯ ಮೇಲಿನವನನ್ನು ದೇವರ ಜಾಗದಲ್ಲಿ ಕೂರಿಸಿಬಿಡುವುದು ಒಂದು. ಸ್ಯಾನ್ ಡಿಯಾಗೋದವರದ್ದೇ ಆದ ‘ಆಸ್ ಐ ಲೇ ಡೈಯಿಂಗ್’ ಬ್ಯಾಂಡನ್ನು ಕ್ರೈಸ್ತ ಹುಡುಗರು ತುಂಬ ಹಚ್ಚಿಕೊಂಡಿದ್ದರು. ಅದರ ಗಾಯಕ ಹೆಂಡತಿಯನ್ನು ಕೊಲ್ಲಿಸಲು ಸುಪಾರಿ ಕೊಡಲು ಹೋಗಿ 2013ರಲ್ಲಿ ಸಿಕ್ಕಿಬಿದ್ದ, ಮುಂದಿನ ವರ್ಷ 6 ವರ್ಷಗಳ ಜೈಲು ಶಿಕ್ಷೆಯಾಯಿತು. ಅವನ ಹಾಡಿನಲ್ಲಿ ಆಸರೆ ಕಂಡ ಮಕ್ಕಳ ಮನಸ್ಸಿಗೆ ಎಂಥ ಪೆಟ್ಟು ಬಿದ್ದಿರಬೇಕು!

ಇನ್ನೊಂದು ಅಪಾಯ ಇದಕ್ಕಿಂತ ದೊಡ್ಡದು, ನಮ್ಮ ಮನೆಯಂಗಳದ್ದೂ ಹೌದು. ಖಿನ್ನತೆ ಎಂದರೆ ನಂಬಿಕೆ ಕಡಿಮೆಯಾದದ್ದು, ಹೆಚ್ಚು ಪ್ರಾರ್ಥಿಸಿದರೆ ಸರಿಹೋಗುತ್ತದೆ ಎಂದು ಹೇಳಿಬಿಡುವುದು. ಮೊದಲೇ ಕುಸಿದವನ ಹೆಗಲ ಮೇಲೆ ಅಪರಾಧದ ಮೂಟೆಯನ್ನೂ ಹೊರಿಸಿದಂತಾಯಿತು. ಪ್ರಾರ್ಥನೆಗೂ ಮಾತ್ರೆಗೂ ಜಗಳವಿಲ್ಲ. ಸಕ್ಕರೆ ಕಾಯಿಲೆಯವರಿಗೆ ಇನ್ಸುಲಿನ್ ಬಿಡು ಎಂದು ಯಾವ ಒಳ್ಳೆಯ ಪಾಸ್ಟರೂ ಹೇಳುವುದಿಲ್ಲವಲ್ಲ.

ಇದನ್ನು ಅರಿತು ಕೆಲಸ ಮಾಡುವವರಲ್ಲಿ ‘ಆಗಸ್ಟ್ ಬರ್ನ್ಸ್ ರೆಡ್’ ಬ್ಯಾಂಡಿನ ಗಾಯಕ ಜೇಕ್ ಲೂರ್ಸ್ ಒಬ್ಬರು. ಅಭಿಮಾನಿಗಳು ತಮ್ಮ ಕಷ್ಟ ಹೇಳಿಕೊಳ್ಳುತ್ತ ಬಂದಾಗ ಒಬ್ಬನಿಂದ ಇದು ಆಗದೆಂದು ಅವರು 2011ರಲ್ಲಿ ‘ಹಾರ್ಟ್‌ಸಪೋರ್ಟ್’ ಎಂಬ ಸಂಸ್ಥೆ ಕಟ್ಟಿದರು. ತನ್ನ ಕೈಲಿ ಎಷ್ಟಾಗುತ್ತದೆ, ಎಲ್ಲಿಂದಾಚೆಗೆ ಬೇರೆಯವರ ಕೈಗೆ ಒಪ್ಪಿಸಬೇಕು ಎಂದು ತಿಳಿದಿರುವುದು ಈ ಸೇವೆಯಲ್ಲಿ ಹಾಡುವುದಕ್ಕಿಂತ ಕಷ್ಟದ ಕಲೆ.

ಆ ಒಪ್ಪಿಸುವಿಕೆ ಎಷ್ಟು ಕೆಲಸ ಮಾಡುತ್ತದೆ ಎಂಬುದಕ್ಕೆ ಅಂಕಿಗಳೂ ಇವೆ, ಕ್ರೈಸ್ತ ಸಂಗೀತದ ಹೊರಗಿನಿಂದ. ಲಾಜಿಕ್ ಎಂಬ ಅಮೆರಿಕದ ರ‍್ಯಾಪ್ ಗಾಯಕ 2017ರಲ್ಲಿ ಒಂದು ಹಾಡಿಗೆ ಆತ್ಮಹತ್ಯೆ ತಡೆಯುವ ಸಹಾಯವಾಣಿಯ ಫೋನ್ ನಂಬರನ್ನೇ ಹೆಸರಾಗಿಟ್ಟರು. ಬಿ.ಎಂ.ಜೆ. ವೈದ್ಯಕೀಯ ಪತ್ರಿಕೆಯಲ್ಲಿ 2021ರಲ್ಲಿ ಬಂದ ಅಧ್ಯಯನದ ಲೆಕ್ಕದಂತೆ, ಆ ಹಾಡು ಹೆಚ್ಚು ಸುದ್ದಿಯಲ್ಲಿದ್ದ 34 ದಿನಗಳಲ್ಲಿ ಸಹಾಯವಾಣಿಗೆ ನಿರೀಕ್ಷೆಗಿಂತ 9,915 ಕರೆಗಳು ಹೆಚ್ಚು ಬಂದವು, ಆತ್ಮಹತ್ಯೆಗಳು ನಿರೀಕ್ಷೆಗಿಂತ 245ರಷ್ಟು ಕಡಿಮೆ ಇದ್ದವು. ಆ ಹಾಡು ಕೇಳುಗರ ಕಣ್ಣು ತೇವ ಮಾಡಿ ಸುಮ್ಮನಾಗಲಿಲ್ಲ, ಯಾರಿಗೆ ಫೋನ್ ಮಾಡಬೇಕೆಂದೂ ಹೇಳಿತು.

ಇಷ್ಟೆಲ್ಲ ಯಾಕೆ ಬರೆಯುತ್ತಿದ್ದೇನೆ ಎಂದರೆ, ನಾನು ಬೆಂಗಳೂರಿನ ಒಂದು ಕನ್ನಡ ಸಭೆಯ ಯೂತ್ ಫೆಲೋಶಿಪ್‌ನಲ್ಲಿ ಬಹಳ ವರ್ಷ ಬೇಸ್ ಗಿಟಾರ್ ನುಡಿಸಿದವನು. ನಮ್ಮದು ದೊಡ್ಡ ಬ್ಯಾಂಡೇನೂ ಅಲ್ಲ. ಎರಡು ಗಿಟಾರು, ಒಂದು ಕೀಬೋರ್ಡು, ಸಾಲ ತಂದ ಡ್ರಮ್ಸು. ಒಂದು ಶನಿವಾರ ಕೂಟಕ್ಕೆ ಪಿಯುಸಿ ಓದುವ ಹುಡುಗನೊಬ್ಬ ಬಂದ. ಕೊನೆಯ ಬೆಂಚು, ಹಾಡಲಿಲ್ಲ, ಚಪ್ಪಾಳೆಯನ್ನೂ ತಟ್ಟಲಿಲ್ಲ. ಎಲ್ಲರೂ ಟೀ ಕುಡಿಯಲು ಹೋದಾಗ ಅವನು ವೇದಿಕೆ ಹತ್ತಿರ ಬಂದು ನೆಲದಲ್ಲಿದ್ದ ಕೇಬಲ್ ಕೈಗೆತ್ತಿಕೊಂಡ.

“ಅಣ್ಣ, ಇದನ್ನ ಹಿಂಗೇ ಸುತ್ತೋದಾ?”

ಒಂದು ಸುತ್ತು ಮೇಲಿಂದ, ಇನ್ನೊಂದು ಕೆಳಗಿಂದ, ಇಲ್ಲದಿದ್ದರೆ ಒಳಗಿನ ತಂತಿ ತಿರುಚಿಕೊಳ್ಳುತ್ತೆ ಅಂತ ತೋರಿಸಿಕೊಟ್ಟೆ. ಸುತ್ತುತ್ತ ಸುತ್ತುತ್ತ, ನನ್ನ ಮುಖ ನೋಡದೆ ಹೇಳಿದ: “ಮೂರು ತಿಂಗಳಾಯ್ತು ಸರಿಯಾಗಿ ನಿದ್ದೆ ಮಾಡಿ. ಮನೇಲಿ ಯಾರಿಗೂ ಹೇಳಿಲ್ಲ.” ಸತ್ತುಹೋಗಬೇಕು ಅಂತ ಅನ್ನಿಸುತ್ತಾ ಎಂದು ನೇರವಾಗಿಯೇ ಕೇಳಿದೆ. ಹೀಗೆ ಕೇಳಿದರೆ ಆ ಯೋಚನೆಯನ್ನು ನಾವೇ ತಲೆಗೆ ತುಂಬಿದಂತಾಗುತ್ತದೆ ಎಂಬ ಭಯ ಬಹಳ ಜನರಿಗಿದೆ. ಹಾಗಾಗುವುದಿಲ್ಲ, ಕೇಳುವುದರಿಂದ ಹೇಳಿಕೊಳ್ಳುವ ದಾರಿ ತೆರೆಯುತ್ತದೆ ಎಂದು ಮನೋವೈದ್ಯರು ಹೇಳುತ್ತಾರೆ. ಅವನು ಬಹಳ ಹೊತ್ತು ಸುಮ್ಮನಿದ್ದು ತಲೆಯಾಡಿಸಿದ. ನಮ್ಮ ಪಾಸ್ಟರಮ್ಮನನ್ನು ಕರೆದೆ. ಅವರು ಅವನ ಪಕ್ಕ ನೆಲದ ಮೇಲೆ ಕೂತರು, ಚಿಕ್ಕದಾಗಿ ಪ್ರಾರ್ಥಿಸಿದರು. ಅವನ ಒಪ್ಪಿಗೆ ಕೇಳಿ ಅವನ ಅಮ್ಮನಿಗೆ ಫೋನ್ ಮಾಡಿದರು. ಸೋಮವಾರ ಮೂವರೂ ಕೂಡಿ ಡಾಕ್ಟರ ಹತ್ತಿರ ಹೋಗುವುದೆಂದು ಮಾತಾಯಿತು.

ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ 2022ರ ಅಕ್ಟೋಬರ್ 10ರಂದು ಶುರುವಾಯಿತು. ನಂಬರ್ 14416. ನಮ್ಮ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ದಿನದ ಯಾವ ಹೊತ್ತಿನಲ್ಲಿ ಬೇಕಾದರೂ ಫೋನ್ ಮಾಡಬಹುದು, ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಅಮ್ಮ ಬರುವ ತನಕ ಹುಡುಗನ ಮೊಬೈಲಿನಲ್ಲಿ ಆ ನಂಬರು ಸೇವ್ ಮಾಡಿದೆವು, ಅದರ ಕೆಳಗೆ ನನ್ನದು, ಅದರ ಕೆಳಗೆ ಪಾಸ್ಟರಮ್ಮನದು. ಆಮೇಲೆ ಉಳಿದಿದ್ದ ಎರಡು ಕೇಬಲ್ ಸುತ್ತಿದೆವು.